ಸೌಂದರ್ಯ ಹೋದಾಗ ಅಳೋದಕ್ಕೆ ಜಾಗ ಎಲ್ಲಿತ್ತು?

ಹಾಸನದಿಂದ ಓದುಗರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ. ಕಾಗದದ ಸಾರ ಇಷ್ಟು: 2004ರಲ್ಲಿ ನಟಿ ಸೌಂದರ್ಯ ತೀರಿಕೊಂಡಾಗ ಇವರು ಪಿಯುಸಿ ಹುಡುಗಿ. ಪೇಪರಿನಲ್ಲಿ ಬಂದ ಫೋಟೊ ಕತ್ತರಿಸಿ ಇಟ್ಟುಕೊಂಡಿದ್ದರು. ಅದು ಇವತ್ತಿಗೂ ಬೀರುವಿನಲ್ಲಿದೆ. ಪ್ರತಿ ಏಪ್ರಿಲ್ 17ಕ್ಕೆ ವಾಟ್ಸಾಪ್ ಸ್ಟೇಟಸ್ ಹಾಕುತ್ತಾರೆ. ಯಜಮಾನರು ನಗುತ್ತಾರಂತೆ, "ನಿನ್ನ ಸೋದರತ್ತೆ ಹೋದಾಗಲೂ ನೀನು ಇಷ್ಟು ಅಳಲಿಲ್ಲ" ಅಂತ. ಎಂಟನೇ ಕ್ಲಾಸಿನ ಮಗಳಿಗೆ ಸೌಂದರ್ಯ ಅಂದರೆ "ವಿಮಾನದಲ್ಲಿ ಸತ್ತುಹೋದ ಹೀರೋಯಿನ್". ಅವಳು ಯೂಟ್ಯೂಬಿನಲ್ಲಿ ನೋಡಿರುವುದು ಅಷ್ಟೇ. ಅವರು ಕೇಳಿರುವುದು ಮೂರು ಮಾತು. ಮುಖ ನೋಡದವರಿಗಾಗಿ ಇಷ್ಟು ವರ್ಷ ದುಃಖಪಡುವುದು ಹುಚ್ಚೇ? ಆ ಸಾವಿನ ಸುತ್ತ ಕತೆಗಳು ಯಾಕೆ ನಿಲ್ಲುವುದೇ ಇಲ್ಲ? ಬಡಾವಣೆಯ ಮಹಿಳಾ ಸಂಘದಿಂದ ಬರುವ ಏಪ್ರಿಲ್‌ನಲ್ಲಿ ಏನಾದರೂ ಕಾರ್ಯಕ್ರಮ ಇಟ್ಟುಕೊಳ್ಳಬಹುದಾ?

ಮೇಡಂ, ನಮಸ್ಕಾರ.

ಮೊದಲು ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರು ತಮಾಷೆಗೆ ಹೇಳಿದ್ದರೂ ಅದರಲ್ಲಿ ಒಂದು ಒಳ್ಳೆಯ ಪ್ರಶ್ನೆ ಇದೆ. ಸೋದರತ್ತೆ ತೀರಿಕೊಂಡಾಗ ನೀವು ಊರಿಗೆ ಹೋಗಿರುತ್ತೀರಿ. ಬಂದವರಿಗೆ ಕಾಫಿ ಕೊಟ್ಟಿರುತ್ತೀರಿ. ಹನ್ನೊಂದು, ಹದಿಮೂರು ಅಂತ ದಿನ ಎಣಿಸಿ, ಅಡುಗೆಯವರಿಗೆ ಹೇಳಿ, ಯಾರಿಗೆ ಫೋನ್ ಮಾಡಿಲ್ಲ ಅಂತ ತಲೆ ಕೆಡಿಸಿಕೊಂಡಿರುತ್ತೀರಿ. ಮಧ್ಯೆ ಆಸ್ತಿಯ ಮಾತೂ ಒಂದಿಷ್ಟು ಬಂದಿರುತ್ತದೆ. ಈ ಗಡಿಬಿಡಿಯಲ್ಲೇ ದುಃಖ ಅರ್ಧ ಕರಗುತ್ತದೆ. ನಮ್ಮ ಹಿರಿಯರು ಇದನ್ನೆಲ್ಲ ಸುಮ್ನೆ ಮಾಡಿಟ್ಟಿಲ್ಲ.

ಸೌಂದರ್ಯ ಹೋದಾಗ ನಿಮ್ಮ ಮನೆಗೆ ಯಾರು ಮಾತಾಡಿಸಲು ಬಂದರು? ಯಾರೂ ಬಂದಿರಲಿಕ್ಕಿಲ್ಲ. ನೀವು ಪೇಪರ್ ಕತ್ತರಿಸಿ ಇಟ್ಟುಕೊಂಡಿರಿ. ನಿಮ್ಮ ಕೈಯಲ್ಲಿ ಆಗುತ್ತಿದ್ದುದೂ ಅಷ್ಟೇ.

ಇಲ್ಲಿ ನನಗೆ ಬಹಳ ದಿನದಿಂದ ಹೇಳಬೇಕು ಅನ್ನಿಸಿದ್ದ ಒಂದು ಮಾತಿದೆ. ನಾಯಕ ನಟರು ತೀರಿಕೊಂಡಾಗ ಅಭಿಮಾನಿಗಳಿಗೆ ಹೋಗಲು ಒಂದು ಜಾಗ ಇರುತ್ತದೆ, ಮಾಡಲು ಒಂದು ಕೆಲಸ ಇರುತ್ತದೆ. 2006ರಲ್ಲಿ ರಾಜ್‌ಕುಮಾರ್ ಹೋದಾಗ ಇಡೀ ಬೆಂಗಳೂರು ಬೀದಿಗೆ ಬಂತು. ಅದು ಹಿಂಸೆಗೆ ತಿರುಗಿದ್ದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. 2021ರ ಅಕ್ಟೋಬರ್ 29ರ ನಂತರ ಪುನೀತ್‌ಗಾಗಿ ಜನ ಸಾಲು ನಿಂತರು. ಕಂಠೀರವ ಸ್ಟುಡಿಯೋಗೆ ಇವತ್ತಿಗೂ ಬಸ್ಸು ಮಾಡಿಕೊಂಡು ಬರುತ್ತಾರೆ. ಅನ್ನದಾನ, ರಕ್ತದಾನ, ನೇತ್ರದಾನ ಎಲ್ಲವೂ ನಡೆಯುತ್ತವೆ. ಶಂಕರ್‌ನಾಗ್ 1990ರಲ್ಲಿ ಹೋದರು, ಆಟೋದ ಹಿಂದೆ ಇನ್ನೂ ಇದ್ದಾರೆ. ಅವರನ್ನು ತೆರೆಯ ಮೇಲೆ ನೋಡಿರದ ಹುಡುಗರೂ ಆ ಸ್ಟಿಕರ್ ಅಂಟಿಸುತ್ತಾರೆ.

ಸೌಂದರ್ಯ ಹೆಸರಿನಲ್ಲಿ ಒಂದು ರಕ್ತದಾನ ಶಿಬಿರವನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಅವರಿಗೆ ಅಭಿಮಾನಿಗಳು ಕಡಿಮೆ ಇದ್ದರು ಅಂತ ಇದರ ಅರ್ಥವಲ್ಲ. ಆ ಅಭಿಮಾನಿಗಳಲ್ಲಿ ಹೆಂಗಸರು ಜಾಸ್ತಿ. ಕಾಲೇಜು ಹುಡುಗಿಯರು, ಮಧ್ಯಾಹ್ನದ ಸಿನಿಮಾ ನೋಡುವ ಗೃಹಿಣಿಯರು, ಅವರ ಸೀರೆ ಉಡುವ ರೀತಿಯನ್ನು ನೋಡಿ ಕಲಿತವರು. ಅವರಿಗೆ ಸಂಘವಿಲ್ಲ, ಬ್ಯಾನರ್ ಇಲ್ಲ, ಚೌಕದಲ್ಲಿ ನಿಂತು ಅಳುವ ಧೈರ್ಯವೂ ಇರಲಿಲ್ಲ. ಒಬ್ಬ ಗಂಡಸು ನಟನೊಬ್ಬನಿಗಾಗಿ ಬೀದಿಯಲ್ಲಿ ಅತ್ತರೆ ಅಭಿಮಾನ. ಒಬ್ಬ ಹೆಂಗಸು ನಟಿಯೊಬ್ಬಳಿಗಾಗಿ ಅಡುಗೆಮನೆಯಲ್ಲಿ ಅತ್ತರೆ ಅವಳ ಗಂಡನಿಗೆ ನಗು. ಯಜಮಾನರು ಬೇಜಾರು ಮಾಡಿಕೊಳ್ಳಬಾರದು.

ಈಗ ಎರಡನೇ ಪ್ರಶ್ನೆಗೆ ಬರೋಣ. ಗೊತ್ತಿರುವ ಸಂಗತಿ ಚಿಕ್ಕದು. 2004ರ ಏಪ್ರಿಲ್ 17, ಶನಿವಾರ. ಲೋಕಸಭಾ ಚುನಾವಣೆಯ ಕಾಲ. ಬಿಜೆಪಿ ಪರ ಪ್ರಚಾರಕ್ಕೆ ಅವರು ಆಗಿನ ಆಂಧ್ರದ ಕರೀಂನಗರಕ್ಕೆ ಹೊರಟಿದ್ದರು. ಬೆಂಗಳೂರಿನ ಜಕ್ಕೂರಿನಿಂದ ಹಾರಿದ ಪುಟ್ಟ ಸೆಸ್ನಾ ವಿಮಾನ ಕೆಲವೇ ನಿಮಿಷಗಳಲ್ಲಿ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಆವರಣ, ಅಂದರೆ ಜಿಕೆವಿಕೆಯೊಳಗೆ ಬಿದ್ದು ಹೊತ್ತಿಕೊಂಡಿತು. ಜೊತೆಗಿದ್ದ ಅಣ್ಣ ಅಮರನಾಥ್ ಕೂಡ ಹೋದರು. ಪೈಲಟ್ ಹೋದರು. ಪಕ್ಷದ ಕಾರ್ಯಕರ್ತರೊಬ್ಬರು ಹೋದರು. ಒಟ್ಟು ನಾಲ್ಕು ಜನ. ಆ ಉಳಿದಿಬ್ಬರ ಮನೆಗಳಲ್ಲೂ ಏಪ್ರಿಲ್ 17 ಬರುತ್ತದೆ. ಯೂಟ್ಯೂಬಿನವರಿಗೆ ಅವರ ನೆನಪು ಬರುವುದು ಅಪರೂಪ.

ಇಷ್ಟನ್ನು ಹೇಳಿ ಮುಗಿಸಲು ಒಂದು ನಿಮಿಷ ಸಾಕು. ಅದನ್ನು ಇಪ್ಪತ್ತು ನಿಮಿಷಕ್ಕೆ ಎಳೆಯಬೇಕಾದರೆ ಏನಾದರೂ ಸೇರಿಸಲೇಬೇಕು. ಅದಕ್ಕೇ ಜಾತಕ ಬರುತ್ತದೆ, ಜ್ಯೋತಿಷಿ ಬರುತ್ತಾರೆ, ಶಾಪ ಬರುತ್ತದೆ. 'ಆಪ್ತಮಿತ್ರ' ಸಿನಿಮಾದಲ್ಲಿ ಅವರು ಸತ್ತ ನರ್ತಕಿ ನಾಗವಲ್ಲಿ ಮೈಮೇಲೆ ಬರುವ ಹೆಂಗಸಾಗಿದ್ದರಲ್ಲ, ಅದೇ ಕಾರಣ ಅಂದರು. 2009ರ ಡಿಸೆಂಬರ್ 30ರಂದು ಆ ಚಿತ್ರದ ನಾಯಕ ವಿಷ್ಣುವರ್ಧನ್ ತೀರಿಕೊಂಡಾಗ, ಅದರ ಮುಂದಿನ ಭಾಗ 'ಆಪ್ತರಕ್ಷಕ' ಇನ್ನೂ ಬಿಡುಗಡೆಯಾಗಿರಲಿಲ್ಲ. ಆಗ ಈ ಮಾತು ಇನ್ನೂ ಗಟ್ಟಿಯಾಯಿತು. ಇದೇ ಕತೆ ಮಲಯಾಳದಲ್ಲಿ ಬಂತು, ತಮಿಳಲ್ಲಿ ಬಂತು, ಹಿಂದಿಯಲ್ಲೂ ಬಂತು. ಅಲ್ಲಿ ಆ ಪಾತ್ರ ಮಾಡಿದ ಶೋಭನಾ, ಜ್ಯೋತಿಕಾ, ವಿದ್ಯಾ ಬಾಲನ್ ಚೆನ್ನಾಗಿಯೇ ಇದ್ದಾರೆ. ಶಾಪದ ಕತೆ ಹೇಳುವವರು ಈ ಲೆಕ್ಕ ಹಾಕುವುದಿಲ್ಲ.

2025ರ ಮಾರ್ಚ್‌ನಲ್ಲಿ ಇನ್ನೊಂದು ಎದ್ದಿತು. ಅದು ಅಪಘಾತವಲ್ಲ, ಜಮೀನಿಗಾಗಿ ಮಾಡಿಸಿದ ಕೊಲೆ ಅಂತ ತೆಲಂಗಾಣದ ಖಮ್ಮಂನಲ್ಲಿ ಒಬ್ಬರು ದೂರು ಕೊಟ್ಟರು. ಒಬ್ಬ ಹಿರಿಯ ನಟರ ಹೆಸರನ್ನೂ ಎಳೆದರು. ಆ ಹೆಸರನ್ನು ಇಲ್ಲಿ ಹಾಕಿ ನಾನೂ ಹರಡುವುದಿಲ್ಲ. ಕೊನೆಗೆ ಸೌಂದರ್ಯ ಅವರ ಪತಿಯೇ ಹೇಳಿಕೆ ಕೊಟ್ಟು, ಅಂಥ ಜಮೀನಿನ ವ್ಯವಹಾರವೇ ಇರಲಿಲ್ಲ ಎನ್ನಬೇಕಾಯಿತು. ಇಪ್ಪತ್ತು ವರ್ಷ ದಾಟಿದ ಮೇಲೂ ಮನೆಯವರನ್ನು ಹೀಗೆ ಮೈಕಿನ ಮುಂದೆ ನಿಲ್ಲಿಸುತ್ತೇವೆ.

ಈ ಕತೆಗಳು ಯಾಕೆ ನಿಲ್ಲುವುದಿಲ್ಲ ಅಂದರೆ, ನಟಿಯ ನೆನಪಿಗೆ ನಾವು ಬೇರೆ ಏನನ್ನೂ ಇಟ್ಟಿಲ್ಲ. ಕಲ್ಪನಾ ಹೋಗಿದ್ದು 1979ರಲ್ಲಿ, ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ. ಮಂಜುಳಾ ಹೋಗಿದ್ದು 1986ರಲ್ಲಿ. ಈ ಇಬ್ಬರ ಹೆಸರು ತೆಗೆದು ನೋಡಿ. ಎದುರಿಗಿದ್ದವರು ಹೇಳುವುದು ಕೊನೆಯ ದಿನದ ಕತೆಯನ್ನೇ. ಯಾರು ಹತ್ತಿರ ಇದ್ದರು, ಯಾರು ಜಗಳ ಆಡಿದರು, ಯಾರು ಕಾರಣ. 'ಶರಪಂಜರ'ದಲ್ಲಿ ಕಲ್ಪನಾ ಒಂದು ನೋಟದಲ್ಲಿ ಏನು ಮಾಡಿದರು ಅಂತ ಕೇಳಿದರೆ ಹೇಳುವವರು ಕಡಿಮೆ. ಖಾಲಿ ಬಿಟ್ಟ ಸೈಟಿಗೆ ಕಸ ಬಂದು ಬೀಳುವ ಹಾಗೆ ಗಾಳಿಮಾತು ಬಂದು ಬಿದ್ದಿದೆ.

ಇದಕ್ಕೆ ಎದುರಾಗಿ ಲೀಲಾವತಿ ಅಮ್ಮನವರನ್ನು ನೋಡಿ. 2023ರ ಡಿಸೆಂಬರ್ 8ರಂದು ಹೋದರು. ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ಅವರೇ ಕಟ್ಟಿಸಿದ ಆಸ್ಪತ್ರೆ ಇತ್ತು, ಪಶು ಆಸ್ಪತ್ರೆಯೂ ಇತ್ತು. ಆ ಊರಿನವರಿಗೆ ಹೇಳಲು ಬೇರೆ ವಿಷಯ ಇತ್ತು. ಬಿ. ಸರೋಜಾದೇವಿ 2025ರ ಜುಲೈ 14ರಂದು ಹೋದಾಗಲೂ ಜನ ಮಾತಾಡಿದ್ದು ಸಿನಿಮಾದ ಬಗ್ಗೆಯೇ. ಅವರ ಕಣ್ಣುಗಳನ್ನು ದಾನ ಮಾಡಿದರು. ಚನ್ನಪಟ್ಟಣದ ದಶಾವರದಲ್ಲಿ ಮಣ್ಣು ಮಾಡಿದರು. ಎರಡು ತಿಂಗಳಿಗೆ ಕರ್ನಾಟಕ ರತ್ನವೂ ಘೋಷಣೆಯಾಯಿತು, ವಿಷ್ಣುವರ್ಧನ್ ಅವರ ಜೊತೆಯಲ್ಲಿ. ಬದುಕಿರುವಾಗಲೇ ಕೊಟ್ಟಿದ್ದರೆ ಏನಾಗುತ್ತಿತ್ತು ಅನ್ನುವುದು ಬೇರೆ ಮಾತು.

ಆದರೆ ಸೌಂದರ್ಯ ವಿಷಯದಲ್ಲಿ ಒಂದು ವಿಶೇಷ ಇದೆ. ನಾವು ಕನ್ನಡಿಗರು ಅವರಿಗಾಗಿ ಅತ್ತಿದ್ದು ಥಿಯೇಟರಿನಲ್ಲಿ. 'ಆಪ್ತಮಿತ್ರ' ತೆರೆಗೆ ಬಂದಿದ್ದು 2004ರ ಆಗಸ್ಟ್‌ನಲ್ಲಿ, ಅವರು ಹೋಗಿ ನಾಲ್ಕು ತಿಂಗಳ ಮೇಲೆ. ನಾನು ಅದನ್ನು ಹೌಸ್‌ಫುಲ್ ಆಟದಲ್ಲಿ ನೋಡಿದೆ. ಸೌಂದರ್ಯ ಮಾಡಿದ ಗಂಗಾ ಮೊದಲು ತೆರೆಗೆ ಬಂದಾಗ ಹೆಂಗಸರ ಸಾಲಿನಿಂದ ಒಂದು ನಿಟ್ಟುಸಿರು ಬಂತು, ಆಮೇಲೆ ಶಿಳ್ಳೆ. ಸತ್ತುಹೋದ ನರ್ತಕಿಯೊಬ್ಬಳು ಬದುಕಿರುವ ಹೆಂಗಸಿನ ಮೈಮೇಲೆ ಬರುವ ಕತೆ ಅದು. ಅದನ್ನು ಆಡುತ್ತಿದ್ದವರೇ ಈಗ ಇಲ್ಲ. ಎಲ್ಲರಿಗೂ ಅದು ಗೊತ್ತು. ಆದರೂ ಎಲ್ಲರೂ ಮತ್ತೆ ಮತ್ತೆ ಹೋದರು. ಆ ಚಿತ್ರ ಒಂದು ವರ್ಷ ಓಡಿತು. ಅದರಲ್ಲಿ ವಿಷ್ಣು ಅವರ ಪಾಲು ದೊಡ್ಡದು, ಕತೆಯದ್ದೂ ದೊಡ್ಡದು. ಜೊತೆಗೆ, ಅಳಲು ಜಾಗವಿಲ್ಲದ ಹೆಂಗಸರಿಗೆ ಎರಡೂವರೆ ಗಂಟೆ ಕತ್ತಲು ಸಿಕ್ಕಿತ್ತು ಅಂತ ನಾನು ನಂಬಿದ್ದೇನೆ.

ಆ ಪಾತ್ರದಲ್ಲಿ ಇನ್ನೊಂದು ಸೊಗಸಿದೆ. ಗಂಗಾ ಕನ್ನಡದ ಸೊಸೆ. ನಾಗವಲ್ಲಿ ತೆಲುಗಿನವಳು, ಹಾಡೂ ತೆಲುಗಿನದು. ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು. ಗಡಿಯ ಊರು, ಎರಡೂ ಭಾಷೆ ಓಡಾಡುವ ನೆಲ. 1992ರಲ್ಲಿ ಕನ್ನಡದಲ್ಲೇ ಶುರು ಮಾಡಿದರು. ನಾವು ಅಷ್ಟಾಗಿ ಗಮನಿಸಲಿಲ್ಲ. ತೆಲುಗಿನವರು ಗಮನಿಸಿದರು. 'ಅಮ್ಮೋರು', 'ಪವಿತ್ರಬಂಧಂ', 'ಅಂತಃಪುರಂ', 'ರಾಜಾ' ಹೀಗೆ ಒಂದರ ಮೇಲೊಂದು. ಅಲ್ಲಿ ಮನೆಮಗಳಾದ ಮೇಲೆ ಇಲ್ಲಿಯವರಿಗೆ ನಮ್ಮ ಹುಡುಗಿ ಅನ್ನುವ ನೆನಪಾಯಿತು. ಉತ್ತರದವರಿಗಂತೂ ಅವರು 'ಸೂರ್ಯವಂಶಂ'ನ ರಾಧಾ, ಗಂಡ ಓದಿಸಿ ಕಲೆಕ್ಟರ್ ಮಾಡಿದ ಹೆಂಡತಿ. ಟಿವಿಯಲ್ಲಿ ಅದೆಷ್ಟು ಸಲ ಬಂತೋ, ಆ ಚಾನೆಲ್ಲನ್ನೇ ಜನ ಗೇಲಿ ಮಾಡುವಷ್ಟು. ಅಲ್ಲಿ ಕೇಳುವ ದನಿ ಮಾತ್ರ ಅವರದ್ದಲ್ಲ, ರೇಖಾ ಅವರದ್ದು.

ಈಗ ನಿಮ್ಮ ಮಗಳ ವಿಷಯ. ಅವಳಿಗೆ ಆ ವಿಡಿಯೊ ನೋಡಬೇಡ ಅನ್ನಬೇಡಿ. ಅಂದರೆ ಜಾಸ್ತಿ ನೋಡುತ್ತಾಳೆ. 'ಆಪ್ತಮಿತ್ರ' ಹಾಕಿ ಕೂರಿಸಿ. ಗಂಡ ಬೇಡ ಎಂದಾಗ ಗಂಗಾಳ ಮುಖ ಸ್ವಲ್ಪ ಸ್ವಲ್ಪವೇ ಬೇರೆಯಾಗುವ ಜಾಗದಲ್ಲಿ ಫೋನ್ ಕೆಳಗಿಡುತ್ತಾಳೆ, ನೋಡಿ. ಒಂದೆರಡು ತಿಂಗಳ ಮೇಲೆ 'ದ್ವೀಪ' ತೋರಿಸಿ.

'ದ್ವೀಪ'ದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ನಿರ್ದೇಶನ, 2002. ದುಡ್ಡು ಹಾಕಿದ್ದು ಸೌಂದರ್ಯ. ತೆಲುಗಿನಲ್ಲಿ ದೊಡ್ಡ ದೊಡ್ಡ ನಾಯಕರ ಜೊತೆ ಕುಣಿಯುತ್ತಿದ್ದ ಕಾಲದಲ್ಲಿ ಅವರು ಬಂದು ಮಳೆಯಲ್ಲಿ ನೆನೆದು ನಾಗಿಯಾದರು. ಅಣೆಕಟ್ಟಿನ ನೀರು ಏರುತ್ತಿದೆ. ಊರವರು ಪರಿಹಾರ ತೆಗೆದುಕೊಂಡು ಹೊರಟಿದ್ದಾರೆ. ನಾಗಿ, ಅವಳ ಗಂಡ ಗಣಪ, ಮುದುಕ ಮಾವ ಮಾತ್ರ ಬೆಟ್ಟದ ಮೇಲೆ. ಮನೆಯನ್ನು ಉಳಿಸಿಕೊಳ್ಳಲು ನಾಗಿ ಮೈಮುರಿದು ಹೆಣಗುತ್ತಾಳೆ. ಕೊನೆಗೆ, ಉಳಿದಿದ್ದು ದೇವರ ದಯೆಯಿಂದ ಅಂತ ಗಂಡ ಅಂದುಬಿಡುತ್ತಾನೆ. ಆಗ ಸೌಂದರ್ಯ ಹೆಚ್ಚು ಮಾತಾಡುವುದಿಲ್ಲ. ಆ ಮುಖ ನೋಡಿ ಸಾಕು. ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಬಂತು. ನಿರ್ಮಾಪಕಿಯಾಗಿ ಅದು ಸೌಂದರ್ಯ ಅವರಿಗೂ ಬಂದ ಪ್ರಶಸ್ತಿ. ಇಷ್ಟೆಲ್ಲ ಮಾಡಿದವರ ಬಗ್ಗೆ ನಾವು ಜಾತಕ, ಶಾಪ ಅಂತ ಕೂತಿದ್ದೇವೆ. ಗಣಪನಿಗೂ ನಮಗೂ ಏನು ವ್ಯತ್ಯಾಸ ಹೇಳಿ.

ಹಾಗಾಗಿ ನಿಮ್ಮ ದುಃಖ ಹುಚ್ಚಲ್ಲ, ಮೇಡಂ. ಪಿಯುಸಿ ಹುಡುಗಿಯಾಗಿದ್ದಾಗ ನಿಮಗೆ ಆಕೆಯಲ್ಲಿ ಏನೋ ಕಂಡಿತ್ತು. ಚೆಲುವು ಮಾತ್ರ ಆಗಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಫೋಟೊ ಬೀರುವಿನಲ್ಲೇ ಇರಲಿ. ಸ್ಟೇಟಸ್ಸೂ ಹಾಕಿ. ಅದರ ಕೆಳಗೆ ವಿಮಾನದ ಚಿತ್ರ ಬೇಡ, ಯಾವುದಾದರೂ ಸಿನಿಮಾದ ಒಂದು ದೃಶ್ಯದ ಹೆಸರು ಬರೆಯಿರಿ. ನಿಮ್ಮ ಪಟ್ಟಿಯಲ್ಲಿರುವ ಯಾರೋ ಒಬ್ಬರು ರಾತ್ರಿ ಅದನ್ನು ಹುಡುಕಿ ನೋಡುತ್ತಾರೆ.

ಮಹಿಳಾ ಸಂಘದ ಕಾರ್ಯಕ್ರಮಕ್ಕೆ ನನ್ನ ಸಲಹೆ ಕೇಳಿದ್ದೀರಿ. ಖಂಡಿತ ಮಾಡಿ. ಆದರೆ ಏಪ್ರಿಲ್ 17 ಬೇಡ. ಆ ದಿನ ಇಟ್ಟರೆ ಭಾಷಣಕ್ಕೆ ಬಂದವರು ಮತ್ತೆ ಜಕ್ಕೂರಿನಿಂದಲೇ ಶುರು ಮಾಡುತ್ತಾರೆ. ಜುಲೈ 18 ಅವರ ಹುಟ್ಟಿದ ದಿನ, ಅವತ್ತು ಇಟ್ಟುಕೊಳ್ಳಿ. 'ದ್ವೀಪ' ಹಾಕಿ, ಆಮೇಲೆ ಕಾಫಿ ಕುಡಿಯುತ್ತಾ ಮಾತಾಡಿ. ಅತಿಥಿ, ಹಾರ, ಶಾಲು ಏನೂ ಬೇಡ. ಸಂಘದ ಹೆಸರಿನಲ್ಲಿ ಹೊರಗಿನವರನ್ನೂ ಕರೆದು ತೋರಿಸುವುದಾದರೆ ಹಕ್ಕು ಇರುವವರನ್ನು ಮೊದಲೇ ಕೇಳಿ. ಅಷ್ಟು ಶಿಸ್ತು ನಮ್ಮಲ್ಲಿ ಇರಬೇಕು, ಅದು ಅವರು ತಮ್ಮ ದುಡ್ಡು ಹಾಕಿ ಮಾಡಿದ ಸಿನಿಮಾ ಅಲ್ವಾ. ಯಜಮಾನರನ್ನೂ ಕರೆದುಕೊಂಡು ಹೋಗಿ. ಅವರೇ ಕುರ್ಚಿ ಜೋಡಿಸಲಿ.

— ಸಂಪಾದಕ