ಕಿಟಕಿಯ ಸರಳಿಗೆ ಕಟ್ಟಿದ ಬಲೆ

‘ಕಾರವಾರದಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೇನೆ. ಹೈಸ್ಕೂಲಿನಿಂದ ಪಿಯುಸಿವರೆಗೆ ಪ್ರಬಂಧ ಸ್ಪರ್ಧೆಗಳಲ್ಲಿ ಹನ್ನೊಂದು ಬಹುಮಾನ ಬಂದಿವೆ. ಕಾಲೇಜಿಗೆ ಬಂದ ಮೇಲೆ ಬರೆದದ್ದೆಲ್ಲ ನನಗೇ ಹುಸಿ ಅನ್ನಿಸುತ್ತಿದೆ. ನಮ್ಮ ಉಪನ್ಯಾಸಕರೊಬ್ಬರು, ಈ ವಯಸ್ಸಿನಲ್ಲೇ ಹೆಸರು ಮಾಡಬೇಕು, ಎಲ್ಲ ಕಡೆ ಕಳುಹಿಸು, ಡಿಗ್ರಿ ಮುಗಿಯುವುದರೊಳಗೆ ಒಂದು ಸಂಕಲನ ಬರಲಿ ಎನ್ನುತ್ತಾರೆ. ಊರಿನ ನಿವೃತ್ತ ಮಾಸ್ತರರು, ಮೂರು ವರ್ಷ ಬರೆ, ಯಾರಿಗೂ ತೋರಿಸಬೇಡ ಎನ್ನುತ್ತಾರೆ. ಮನೆಮಾತು ಕೊಂಕಣಿ, ನನ್ನ ಕನ್ನಡ ಅಷ್ಟು ಶುದ್ಧವಲ್ಲ. ಯಾರ ಮಾತು ಕೇಳಲಿ? ಜೊತೆಗೆ ಒಂದು ಲೇಖನ ಇಟ್ಟಿದ್ದೇನೆ.’
– ಹೆಸರು ಬೇಡ ಎಂದಿರುವ ಓದುಗರು, ಕಾರವಾರ ತಾಲ್ಲೂಕು

ನಿಮ್ಮ ಲಕೋಟೆಯಲ್ಲಿ ಎರಡು ಬರಹಗಳಿದ್ದವು. ಒಂದು, ಹಾಳೆಯ ಒಂದೇ ಮಗ್ಗುಲಲ್ಲಿ ಅಚ್ಚುಕಟ್ಟಾಗಿ ಬರೆದ ‘ಕಡಲ ತೀರದ ಸೊಬಗು’. ಇನ್ನೊಂದು, ಪತ್ರ ಮುಗಿದ ಮೇಲೆ ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ಗೀಚಿದ ತಾ.ಕ. ಮೊದಲನೆಯದನ್ನು ಓದುವಾಗ ಎರಡು ಸಲ ಆಕಳಿಸಿದೆ. ಎರಡನೆಯದನ್ನು ಕಚೇರಿಯಲ್ಲಿ ಇದ್ದವರನ್ನೆಲ್ಲ ಕರೆದು ಓದಿ ಹೇಳಿದೆ. ನಿಮ್ಮ ಅಪ್ಪಣೆ ಕೇಳದೆ ಇಲ್ಲಿ ಅಚ್ಚು ಹಾಕುತ್ತಿದ್ದೇನೆ, ಬೈಯುವುದಿದ್ದರೆ ಮುಂದಿನ ಪತ್ರದಲ್ಲಿ ಬೈಯಿರಿ:

‘ತಾ.ಕ.: ಅಕ್ಷರ ಕಲೆಸಿದ್ದರೆ ಕ್ಷಮಿಸಿ. ಮೀನುಗಾರಿಕೆ ಬಂದ್ ಇರುವುದರಿಂದ ಬೋಟು ಬೈತಖೋಲದಲ್ಲಿ ಕಟ್ಟಿದೆ, ಅಪ್ಪ ಮನೆಯಲ್ಲೇ ಇದ್ದಾನೆ. ಬಲೆಯ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡು ದಿನವಿಡೀ ಹೆಣೆಯುತ್ತಾನೆ. ಹಾಗಾಗಿ ಕಿಟಕಿ ಮುಚ್ಚಲು ಬರುವುದಿಲ್ಲ. ಇರುಚಲು ನನ್ನ ಮೇಜಿನ ಮೇಲೇ ಬೀಳುತ್ತದೆ.’

ಈಗ ನಿಮ್ಮ ಲೇಖನದ ಮೊದಲ ವಾಕ್ಯ: ‘ಪ್ರಕೃತಿ ಮಾತೆಯ ಮಡಿಲಲ್ಲಿ ಕಂಗೊಳಿಸುವ ನಮ್ಮ ಕರಾವಳಿಯು ನಯನ ಮನೋಹರ ತಾಣವಾಗಿದ್ದು, ಪ್ರವಾಸಿಗರನ್ನು ಕೈಬೀಸಿ ಕರೆಯುತ್ತಿದೆ.’ ಈ ಕೈಬೀಸುವ ಕರಾವಳಿಯನ್ನು ನಾನು ಬಹಳ ಸಲ ಭೇಟಿಯಾಗಿದ್ದೇನೆ. ಪ್ರಬಂಧ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕೂತ ಪಾಪದ ಫಲ ಅದು. ಕಂಗೊಳಿಸದ ಊರಿಲ್ಲ, ಕೈಬೀಸದ ಗುಡ್ಡವಿಲ್ಲ, ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಶುರುವಾಗದ ಪೀಠಿಕೆಯಿಲ್ಲ. ಉಪಸಂಹಾರದಲ್ಲಿ ಎಲ್ಲರೂ ಕೈಜೋಡಿಸಿ ಎಲ್ಲವನ್ನೂ ಉಳಿಸುತ್ತಾರೆ. ಆ ಬರಹದ ಕೆಳಗೆ ಹೊನ್ನಾವರದ ಹುಡುಗನ ಹೆಸರಿದ್ದರೂ ಹಾವೇರಿಯ ಹುಡುಗಿಯ ಹೆಸರಿದ್ದರೂ ವ್ಯತ್ಯಾಸ ಬೀಳುವುದಿಲ್ಲ. ಆ ಕಿಟಕಿಯ ಸಂಗತಿಯನ್ನಾದರೋ ಇಡೀ ಜಿಲ್ಲೆಯಲ್ಲಿ ನಿಮ್ಮ ಹೊರತು ಬೇರೆ ಯಾರೂ ಬರೆಯಲಾರರು.

ಬರೆದದ್ದೆಲ್ಲ ಹುಸಿ ಅನ್ನಿಸುತ್ತಿದೆ ಎಂದು ಅಳಲು ತೋಡಿಕೊಂಡಿದ್ದೀರಿ. ನನಗೆ ಅದನ್ನು ಓದಿ ಖುಷಿಯೇ ಆಯಿತು. ಕಾಲೇಜಿನ ಮೊದಲ ವರ್ಷದಲ್ಲಿ ಬರೆಯುವವರಿಗೆ ಆಗಬೇಕಾದ ಕೆಲಸ ಇದೊಂದೇ: ಹನ್ನೊಂದು ಬಹುಮಾನ ತಂದುಕೊಟ್ಟ ಕನ್ನಡ ಬಾಯಿಗೆ ಸಪ್ಪೆಯಾಗಬೇಕು. ಕೆಲವರಿಗೆ ಅದು ನಿವೃತ್ತಿಯವರೆಗೂ ಸಪ್ಪೆಯಾಗುವುದಿಲ್ಲ. ಅಂಥವರ ಅಭಿನಂದನ ಗ್ರಂಥಗಳು ವಿಮರ್ಶೆಗೆಂದು ಈ ಕಚೇರಿಗೆ ಬರುತ್ತವೆ, ಬೀರುವಿನ ಮೇಲೆ ಧೂಳು ತಿನ್ನುತ್ತವೆ.

ನಿಮ್ಮ ಉಪನ್ಯಾಸಕರ ಮಾತನ್ನು ತಳ್ಳಿಹಾಕುವುದಿಲ್ಲ. ಬೇಗ ಬರೆದು ಬೇಗ ಹೆಸರು ಮಾಡಿದವರು ನಮ್ಮ ಕರಾವಳಿಯಲ್ಲೇ ಇದ್ದಾರೆ. ಗೋಕರ್ಣದ ಜಯಂತ ಕಾಯ್ಕಿಣಿಯವರಿಗೆ ಮೊದಲ ಕವನ ಸಂಕಲನಕ್ಕೇ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಾಗ ವಯಸ್ಸು 19. ಕಳುಹಿಸುವುದರಿಂದ ಅಂಚೆ ಖರ್ಚು ಬಿಟ್ಟರೆ ನಷ್ಟವೇನೂ ಇಲ್ಲ, ತಿರಸ್ಕಾರ ಸಹಿಸುವ ಅಭ್ಯಾಸವೂ ಆಗುತ್ತದೆ. ಸರಿ, ಅವರ ಪಾಲಿನದನ್ನು ಹೇಳಿ ಮುಗಿಸಿದೆ. ಆದರೆ ಕಾಯ್ಕಿಣಿಯವರನ್ನು ತೋರಿಸಿ ಹತ್ತೊಂಬತ್ತರ ಮಕ್ಕಳನ್ನೆಲ್ಲ ಸಂಕಲನಕ್ಕೆ ಹೊರಡಿಸುವವರು, ಆ ಹುಡುಗ ಬೆಳೆದ ಮನೆಯಲ್ಲಿ ಗೌರೀಶ ಕಾಯ್ಕಿಣಿ ಎಂಬ ಮಹಾ ಓದುಗ ತಂದೆಯಾಗಿದ್ದರು ಎಂಬುದನ್ನು ಮರೆಯುತ್ತಾರೆ.

ನನ್ನ ಮನಸ್ಸು ವಾಲುವುದು ನಿಮ್ಮ ಮಾಸ್ತರರ ಕಡೆಗೆ. ಹನೇಹಳ್ಳಿಯ ಯಶವಂತ ಚಿತ್ತಾಲರ ಮೊದಲ ಕಥಾಸಂಕಲನ ಬಂದದ್ದು 1957ರಲ್ಲಿ. ಅವರು ಹುಟ್ಟಿದ್ದು 1928. ಲೆಕ್ಕ ನೀವೇ ಮಾಡಿ, ವಿಜ್ಞಾನದ ವಿದ್ಯಾರ್ಥಿನಿ ತಾನೇ. ಅವರೂ ವಿಜ್ಞಾನದವರೇ, ಮುಂಬಯಿಯ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ಕಿನ, ರಾಳದ ರಸಾಯನಶಾಸ್ತ್ರದಲ್ಲಿ ಕೆಲಸ ಮಾಡಿದವರು. ಹಗಲೆಲ್ಲ ಅಣುಗಳ ಸಹವಾಸ ಮಾಡಿಕೊಂಡು ಕಥೆಗೆ ಕೂತಾಗ ಹನೇಹಳ್ಳಿಗೆ ಹೋಗುತ್ತಿದ್ದರು. ಬಿ.ಎಸ್ಸಿ. ಬಿಟ್ಟು ಬಿ.ಎ. ಸೇರಲೇ ಎಂದು ನೀವು ಕೇಳಿಲ್ಲ, ಆದರೆ ಎರಡನೇ ಪುಟದಲ್ಲಿ ಏನನ್ನೋ ಬರೆದು ಹೊಡೆದು ಹಾಕಿದ್ದೀರಿ. ಬೆಳಕಿಗೆ ಹಿಡಿದರೆ ‘ಬಿ.ಎ.’ ಎಂದು ಕಾಣುತ್ತದೆ. ಬಿಡಬೇಡಿ. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಲ್ಲಿ ‘ಕಂಗೊಳಿಸುವ ನೀಲಿ ದ್ರಾವಣ’ ಎಂದು ಬರೆದರೆ ಮಾರ್ಕು ಕಳೆಯುತ್ತಾರೆ. ಅಂಥ ಶಿಸ್ತು ಸಾಹಿತ್ಯದ ತರಗತಿಯಲ್ಲಿ ಸಿಗುವುದು ಕಷ್ಟ.

ಇನ್ನು, ಕಾರವಾರದವರಿಗೆ ರವೀಂದ್ರನಾಥ ಟಾಗೋರರ ಕಥೆ ಹೇಳುವುದೆಂದರೆ ಸಾಣಿಕಟ್ಟಾದವರಿಗೆ ಉಪ್ಪು ಮಾರಿದಂತೆ. ಆದರೂ ಮಾರುತ್ತೇನೆ. 1883ರಲ್ಲಿ ಅವರು ನಿಮ್ಮೂರಿಗೆ ಬಂದಾಗ ವಯಸ್ಸು 22, ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಮರಳುವಾಗ ನದೀಮುಖದಲ್ಲಿ ಇಳಿದು, ಮರಳಿನ ಮೇಲೆ ನಡೆದು ಮನೆ ಸೇರಿದರು. ನಿದ್ದೆ ಬಾರದೆ ಅದೇ ರಾತ್ರಿ ಕವಿತೆ ಬರೆದರು. ಇಲ್ಲಿಯವರೆಗೆ ಎಲ್ಲ ಭಾಷಣಕಾರರೂ ಹೇಳುತ್ತಾರೆ, ಅವರ ಹೆಸರಿನ ಕಡಲ ತೀರದಲ್ಲೇ ನಿಂತು ಹೇಳುತ್ತಾರೆ. ಸುಮಾರು ಮೂವತ್ತು ವರ್ಷಗಳ ನಂತರ ಆತ್ಮಕಥೆ ಬರೆಯುವಾಗ ಟಾಗೋರರು ಅದೇ ಕವಿತೆಯ ಬಗ್ಗೆ ಏನು ಬರೆದರು ಎಂಬಲ್ಲಿಗೆ ಯಾರೂ ಹೋಗುವುದಿಲ್ಲ. ಭಾವ ತುಂಬಿ ತುಳುಕುವಾಗ ಬರೆದದ್ದು ಚೆನ್ನಾಗಿಯೇ ಇರಬೇಕೆಂದಿಲ್ಲ, ಬರೆಯುವವನು ಭಾವಕ್ಕೆ ತೀರ ದೂರವೂ ಇರಬಾರದು, ತೀರ ಹತ್ತಿರವೂ ಇರಬಾರದು, ಕವಿತೆಗೆ ಬಣ್ಣ ಹಚ್ಚಲು ನೆನಪಿನ ಕುಂಚವೇ ತಕ್ಕದ್ದು ಎಂಬರ್ಥದ ಮಾತುಗಳನ್ನು ಅವರು ಅಲ್ಲಿ ಆಡಿದ್ದಾರೆ. ನಿಮ್ಮ ಮಾಸ್ತರರ ‘ತೋರಿಸಬೇಡ’ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ನೀವು ಚುರುಕು, ಇಲ್ಲೊಂದು ಆಕ್ಷೇಪಣೆ ಎತ್ತುತ್ತೀರಿ: ‘ನನ್ನ ತಾ.ಕ. ಕೂಡ ಆ ಕ್ಷಣಕ್ಕೇ ಬರೆದದ್ದಲ್ಲವೇ?’ ಹೌದು. ಆದರೆ ಅದನ್ನು ಬರೆಯುವಾಗ ನಿಮ್ಮ ತಲೆಯಲ್ಲಿ ಭಾವವೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಅಕ್ಷರ ಯಾಕೆ ಕಲೆಸಿತು ಎಂದು ಅಪರಿಚಿತನೊಬ್ಬನಿಗೆ ವಿವರಿಸಬೇಕಿತ್ತು, ಅಷ್ಟೇ. ಅದಕ್ಕೆ ಅಪ್ಪ ಬಂದ, ಬಲೆ ಬಂತು, ಸರಳು ಬಂತು, ಮಳೆ ಒಳಗೆ ಬಂತು. ಒಂದಾದರೂ ವಿಶೇಷಣ ಬಳಸಿದ್ದೀರಾ, ನೋಡಿ. ಬಂದ್ ಇರುವ ಎರಡು ತಿಂಗಳು, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟಿನ ಮೇಲೆ ದುಡಿಯುವವರ ಮನೆಯಲ್ಲಿ ದುಡ್ಡಿನ ಪಾಡು ಏನು ಎಂಬುದನ್ನೂ ನೀವು ಬರೆದಿಲ್ಲ. ಬರೆಯದಿದ್ದರೂ ಹಗಲೆಲ್ಲ ಮನೆಯಲ್ಲಿ ಕೂತ ಅಪ್ಪನಿಂದ ಅದು ಗೊತ್ತಾಗುತ್ತದೆ.

ನನ್ನದೇ ಒಂದು ಅವಮಾನ ಹೇಳಿಬಿಡುತ್ತೇನೆ. ನಾನು ಘಟ್ಟದ ಮೇಲಿನವನು, ಶಿರಸಿ ಸೀಮೆಯ ಅಡಿಕೆ ತೋಟದ ಮನೆಯವನು. ಕಾಲೇಜಿಗೆಂದು ದೇವಿಮನೆ ಘಟ್ಟ ಇಳಿದವನು ಮೊದಲ ವರ್ಷದಲ್ಲೇ ಕಡಲಿನ ಮೇಲೆ 24 ಸಾಲಿನ ಕವಿತೆ ಬರೆದು ಕನ್ನಡ ಸಂಘದಲ್ಲಿ ಓದಿದೆ. ‘ಅನಂತ’ ಎಂಬ ಶಬ್ದ ಅದರಲ್ಲಿ ಐದು ಕಡೆ ಇತ್ತು. ಚಪ್ಪಾಳೆಯೂ ಬಿತ್ತು. ಮರುದಿನ ಕನ್ನಡದ ಸರ್ ಕರೆದು ಒಂದೇ ಪ್ರಶ್ನೆ ಕೇಳಿದರು: ‘ನೀನು ಹೋದಾಗ ಉಬ್ಬರವಿತ್ತೋ, ಇಳಿತವಿತ್ತೋ?’ ನನಗೆ ಗೊತ್ತಿರಲಿಲ್ಲ. ‘ಹಾಗಾದರೆ ನೀನು ಸಮುದ್ರಕ್ಕೆ ಹೋಗಿಲ್ಲ, ಸಮುದ್ರದ ಕವಿತೆಗಳಿಗೆ ಹೋಗಿ ಬಂದಿದ್ದೀಯ’ ಎಂದರು. ಆಮೇಲೆ ನನ್ನ ಬೆರಳು ನೋಡಿ, ‘ಇದೇನು ಇಷ್ಟು ಕಪ್ಪು?’ ಎಂದರು. ಜನವರಿ ತಿಂಗಳು, ರಜೆಗೆ ಮನೆಗೆ ಹೋಗಿ ಅಡಿಕೆ ಸುಲಿದು ಬಂದಿದ್ದೆ, ಚೊಗರು ಹತ್ತಿತ್ತು. ಹೇಳಲು ಶುರು ಮಾಡಿದವನು ಕಾಲು ಗಂಟೆ ಹೇಳಿದೆ: ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತವರು, ರಾತ್ರಿ ಹತ್ತು ದಾಟಿದ ಮೇಲೆ ಮಾತು ನಿಂತು ಬರೀ ಸಿಪ್ಪೆ ಬೀಳುವ ಸದ್ದು, ನಿದ್ದೆಗಣ್ಣಲ್ಲಿ ಕೈ ಕೊಯ್ದುಕೊಂಡ ಚಿಕ್ಕಮ್ಮ ಅದನ್ನು ಯಾರಿಗೂ ತೋರಿಸದೆ ಸೆರಗಿಗೆ ಸುತ್ತಿಕೊಂಡದ್ದು. ‘ಇದನ್ನು ಬರಿ’ ಎಂದು ಸರ್ ಎದ್ದು ಹೋದರು. ಸಿಟ್ಟಿನಲ್ಲಿ ನಾನು ಎರಡು ವರ್ಷ ಏನನ್ನೂ ಬರೆಯಲಿಲ್ಲ. ಚಿಕ್ಕಮ್ಮನ ಕೈಯನ್ನು ಈಗಲೂ ಬರೆದಿಲ್ಲ, ಈ ಎರಡು ಸಾಲು ಬಿಟ್ಟರೆ.

ಹಾಗಾಗಿ ಮಾಸ್ತರರ ಮಾತಿಗೆ ನನ್ನದೊಂದು ತಿದ್ದುಪಡಿ. ಯಾರಿಗೂ ತೋರಿಸಬೇಡ ಎಂದರೆ ಅತಿಯಾಯಿತು. ಒಬ್ಬರಿಗೆ ತೋರಿಸಿ. ವೇಷವಿಲ್ಲದೆ ಕೂತು ಬರೀ ಮಾತಿನಲ್ಲಿ ನಡೆಸುವ ಯಕ್ಷಗಾನ, ಅದೇ ತಾಳಮದ್ದಳೆ, ಕೇಳಿದ್ದರೆ ಗೊತ್ತಿರುತ್ತದೆ, ಎದುರು ಕೂತ ಅರ್ಥಧಾರಿ ಗಟ್ಟಿಗನಾಗಿದ್ದರೆ ಮಾತ್ರ ಈಚೆಯವನ ಮಾತು ಮೇಲೇರುತ್ತದೆ. ಸಡಿಲ ಮಾತು ಬಿದ್ದ ಕೂಡಲೇ ಹಿಡಿದು ‘ಅದು ಹೇಗೆ?’ ಎಂದು ಕೇಳುವವನಿರಬೇಕು. ಹಾರ್ಟು ಒತ್ತುವ ಇನ್ನೂರು ಗೆಳತಿಯರು ಸೇರಿದರೂ ಅಂಥ ಒಬ್ಬ ಎದುರಾಳಿಗೆ ಸಮವಲ್ಲ. ನಿಮ್ಮ ಮಾಸ್ತರರೇ ಆ ಕೆಲಸಕ್ಕೆ ಆಗಬಹುದು. ಪ್ರೀತಿ ಇರುವವರು ‘ತೋರಿಸಬೇಡ’ ಎನ್ನುತ್ತಲೇ ಕನ್ನಡಕಕ್ಕಾಗಿ ಜೇಬು ತಡಕುತ್ತಾರೆ.

ನಿಮ್ಮ ಪತ್ರದ ಇನ್ನೊಂದು ಸಂಗತಿಯನ್ನು ಮೇಲೆ ಅಚ್ಚು ಮಾಡಿಲ್ಲ, ಏಕೆಂದರೆ ಅದನ್ನು ಓದಿ ನನಗೆ ರಕ್ತ ಕುದಿಯಿತು. ಯಾರೋ ಪ್ರಕಾಶಕರಂತೆ, ರಾಜ್ಯಮಟ್ಟದ ಕವನ ಸಂಕಲನವಂತೆ, ಎರಡು ಕವಿತೆಗೆ 1,500 ರೂಪಾಯಿ ಕಟ್ಟಿದರೆ ಪುಸ್ತಕ, ಪ್ರಮಾಣಪತ್ರ, ಶಾಲು ಎಲ್ಲ ಕೊಡುತ್ತಾರಂತೆ. ಬೋಟು ಕಟ್ಟಿ ಹಾಕಿರುವ ತಿಂಗಳಲ್ಲಿ ಈ ದುಡ್ಡನ್ನು ಅಪ್ಪನಲ್ಲಿ ಹೇಗೆ ಕೇಳಲಿ ಎಂದು ನೀವು ಯೋಚಿಸುತ್ತಿದ್ದೀರಿ. ಕೇಳಬೇಡಿ! ಬರೆದವರಿಂದಲೇ ದುಡ್ಡು ವಸೂಲು ಮಾಡುವ ಈ ವ್ಯಾಪಾರದಲ್ಲಿ ಓದುಗನ ಅಗತ್ಯವೇ ಇಲ್ಲ. ನೂರು ಕವಿಗಳು ದುಡ್ಡು ಕೊಡುತ್ತಾರೆ, ನೂರು ಪ್ರತಿ ಅಚ್ಚಾಗುತ್ತದೆ, ಪ್ರತಿಯೊಬ್ಬರೂ ತಮ್ಮ ಪುಟವನ್ನಷ್ಟೇ ಓದುತ್ತಾರೆ. ಅದೇ ದುಡ್ಡಿಗೆ ಹಳೆಯ ಪುಸ್ತಕದಂಗಡಿಯಲ್ಲಿ ಒಂದು ಚೀಲ ಪುಸ್ತಕ ಬರುತ್ತದೆ.

ಕಾಲೇಜುಗಳಾದರೂ ಏನು ಮಾಡುತ್ತಿವೆ? ವಾರ್ಷಿಕ ಸಂಚಿಕೆ ತೆರೆದರೆ ಮೊದಲ ಇಪ್ಪತ್ತು ಪುಟ ಸಂದೇಶಗಳು ಮತ್ತು ಭಾವಚಿತ್ರಗಳು. ಮಕ್ಕಳ ಬರಹ ಹಿಂದಿನ ಪುಟಗಳಲ್ಲಿ, ಅದೂ ಯಾರೂ ತಿದ್ದದೆ. ಸೆಮಿಸ್ಟರ್ ಬಂದ ಮೇಲೆ ಉಸಿರಾಡಲು ಬಿಡುವಿಲ್ಲ. ಇಂಟರ್ನಲ್ಸ್ ಮುಗಿಯಿತು ಎನ್ನುವಾಗ ಪರೀಕ್ಷೆ, ಪರೀಕ್ಷೆ ಮುಗಿಯಿತು ಎನ್ನುವಾಗ ಮುಂದಿನ ಸೆಮಿಸ್ಟರಿನ ಶುಲ್ಕ. ಗ್ರಂಥಾಲಯದ ಕಥೆಗಳ ಬೀರುವಿಗೆ ಬೀಗ ಇರುತ್ತದೆ, ಬೀಗದ ಕೈ ಇರುವವರು ರಜೆಯ ಮೇಲಿರುತ್ತಾರೆ. ಸ್ಪರ್ಧೆ ಇಟ್ಟರೆ ವಿಷಯ ‘ಮೊಬೈಲ್: ವರವೋ ಶಾಪವೋ’. ಯಾರಾದರೂ ಒಮ್ಮೆ ‘ನಮ್ಮ ಮನೆಯ ಕಿಟಕಿ’ ಎಂದು ಕೊಟ್ಟು ನೋಡಲಿ, ಯಾವ ಗೈಡಿನಿಂದಲೂ ನಕಲು ಮಾಡಲು ಬಾರದೆ ಮಕ್ಕಳು ಕಕ್ಕಾಬಿಕ್ಕಿಯಾಗಲಿ. ನಾವು ಪತ್ರಿಕೆಯವರೂ ಸಾಚಾಗಳಲ್ಲ. ಮೊದಲು ಹಿಂತಿರುಗಿಸುವ ಬರಹದ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಮಾತಾದರೂ ಬರೆಯುತ್ತಿದ್ದೆವು, ಈಗ ಉತ್ತರವನ್ನೇ ಕೊಡುವುದಿಲ್ಲ. ನಿಮ್ಮ ಪತ್ರಕ್ಕೆ ಇಷ್ಟುದ್ದ ಬರೆಯುತ್ತಿರುವುದರಲ್ಲಿ ಪ್ರಾಯಶ್ಚಿತ್ತದ ಪಾಲೂ ಇದೆ.

ಕನ್ನಡ ಶುದ್ಧವಿಲ್ಲ ಎಂಬ ಕೊರಗಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಗೌರೀಶರು, ಚಿತ್ತಾಲರು, ಜಯಂತರು, ಅಂಕೋಲೆಯ ವಿವೇಕ ಶಾನಭಾಗರು, ಇವರೆಲ್ಲರ ಮನೆಮಾತೂ ಕೊಂಕಣಿಯೇ. ನನ್ನ ಹವ್ಯಕ ಕನ್ನಡವನ್ನು ಬಯಲುಸೀಮೆಯವರ ಮುಂದೆ ಆಡಿದರೆ ಅವರು ಯಾವ ಭಾಷೆ ಎಂದು ಕೇಳುತ್ತಾರೆ. ಹಾಲಕ್ಕಿಗಳ ಕನ್ನಡ ಬೇರೆ, ಭಟ್ಕಳದ ನವಾಯತಿ ಇನ್ನೂ ಬೇರೆ. ಈ ಜಿಲ್ಲೆಯಲ್ಲಿ ಶುದ್ಧವಾಗಿ ಉಳಿಯುವುದೇ ಕಷ್ಟ, ಪ್ರಯತ್ನಿಸಬೇಡಿ. ಅಪ್ಪ ಬಲೆ ಹೆಣೆಯುವಾಗ ನೈಲಾನ್ ದಾರ ಸುತ್ತಿಕೊಳ್ಳುವ ಆ ಚಪ್ಪಟೆ ಕಡ್ಡಿ ಇರುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಆ ಶಬ್ದವನ್ನೇ ಬರೆಯಿರಿ, ಅರ್ಥ ಕೊಡಬೇಡಿ. ಅಪ್ಪನ ಕೈ ಏನು ಮಾಡುತ್ತದೆ ಎಂದು ಸರಿಯಾಗಿ ಬರೆದರೆ ಓದುವವರಿಗೆ ತಾನಾಗಿ ತಿಳಿಯುತ್ತದೆ.

‘ಕಡಲ ತೀರದ ಸೊಬಗು’ ಈ ಅಂಚೆಯಲ್ಲೇ ವಾಪಸು ಬರುತ್ತಿದೆ, ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ. ಪತ್ರವನ್ನು ನಾನು ಇಟ್ಟುಕೊಂಡಿದ್ದೇನೆ. ಆ ತಾ.ಕ. ಎರಡು ಪುಟವಾಗಲಿ, ಅವಸರವಿಲ್ಲ. ದಸರೆ ಕಳೆದು ದೀಪಾವಳಿಯಾದರೂ ಸರಿ. ಆಗಸ್ಟ್ 1ಕ್ಕೆ ಬೋಟು ಹೊರಡುತ್ತದಲ್ಲ, ಬಲೆಯನ್ನು ಸರಳಿನಿಂದ ಬಿಚ್ಚಿದ ಮೇಲೆ ಆ ಕಿಟಕಿ ಮುಚ್ಚಿತೋ, ಅಥವಾ ಎರಡು ತಿಂಗಳ ಮಳೆಗೆ ಮರ ಉಬ್ಬಿ ಅಲ್ಲೇ ಕಚ್ಚಿಕೊಂಡಿತೋ, ಅದನ್ನೂ ತಿಳಿಸಿ.