ಕೀಮೋ ಮುಗಿದು ನಾಲ್ಕು ವರ್ಷ ಆಯ್ತು, ಈಗ ಪ್ರೆಗ್ನೆಂಟ್: ಮಗೂಗೆ ತೊಂದ್ರೆ ಇರುತ್ತಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 29 ವರ್ಷ, ದಾವಣಗೆರೆ ಕಡೆಯವ್ಳು. ನಾಲ್ಕು ವರ್ಷದ ಹಿಂದೆ ಹಾಡ್ಜ್‌ಕಿನ್ ಲಿಂಫೋಮಾ (ಲಿಂಫ್ ಗ್ರಂಥಿಗಳ ಕ್ಯಾನ್ಸರ್) ಆಗಿ ಎಬಿವಿಡಿ (ನಾಲ್ಕು ಔಷಧಿ ಸೇರಿಸಿ ಕೊಡೋ) ಕೀಮೋ ಆರು ಸೈಕಲ್ ತಗೊಂಡೆ, ಆಮೇಲೆ ಕುತ್ತಿಗೆ, ಎದೆಗೆ ರೇಡಿಯೇಷನ್ ಆಯ್ತು. ಈಗ ಹತ್ತು ವಾರ. ಅತ್ತೆ ಕಡೆಯವ್ರು "ಅಷ್ಟು ಕೀಮೋ ತಗೊಂಡವ್ಳು, ಮಗು ಸರಿ ಇರಲ್ಲ, ತೆಗೆಸಿಬಿಡಿ" ಅಂತಿದಾರೆ. ಯಜಮಾನ್ರು ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ಟೆಸ್ಟ್ ಮಾಡ್ಸೋಣ ಅಂತಾರೆ. ಎನ್‌ಐಪಿಟಿ (ತಾಯಿ ರಕ್ತದಿಂದ ಮಗೂನ ಕ್ರೋಮೋಸೋಮ್ ನೋಡೋ ಟೆಸ್ಟ್) ಮಾಡ್ಸಿದ್ರೆ ಸಾಕಾ?

ಉತ್ತರ: ತೆಗೆಸೋ ಮಾತನ್ನ ಮೊದಲು ಬಿಟ್ಟುಬಿಡಿ, ಹಳೇ ಕೀಮೋ ಒಂದೇ ಅದಕ್ಕೆ ಕಾರಣ ಅಲ್ವೇ ಅಲ್ಲ. ಬಸಿರಲ್ಲಿದ್ದಾಗ ಕೀಮೋ ತಗೊಳ್ಳೋದು ಬೇರೆ, ಕೀಮೋ ಮುಗಿದು ವರ್ಷಗಳಾದ್ಮೇಲೆ ಬಸಿರಾಗೋದು ಬೇರೆ, ಜನ ಇವೆರಡನ್ನೂ ಒಂದೇ ಅಂದ್ಕೊಂಡು ಹೆದರಿಸ್ತಾರೆ. ಔಷಧಿ ಮೈಯಿಂದ ಯಾವಾಗ್ಲೋ ಹೋಗಿರುತ್ತೆ. ಕೀಮೋ ಹೆಚ್ಚಾಗಿ ಹಾಳು ಮಾಡೋದು ಆ ಹೊತ್ತಲ್ಲಿ ಬೆಳೀತಿರೋ ಅಂಡಾಣುಗಳನ್ನ, ಅದಕ್ಕೇ ಮುಗಿದ್ಮೇಲೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಅನ್ನೋದು, ನೀವಂತೂ ನಾಲ್ಕು ವರ್ಷ ದಾಟಿದೀರಿ. ಯಾರ ಬಸಿರಲ್ಲೇ ಆಗ್ಲಿ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ದೊಡ್ಡ ನ್ಯೂನತೆ ಇರುತ್ತೆ. ಅಮೆರಿಕ, ಡೆನ್ಮಾರ್ಕಲ್ಲಿ ಚಿಕ್ಕೋರಿದ್ದಾಗ ಕ್ಯಾನ್ಸರ್ ಗೆದ್ದೋರ ಸಾವಿರಾರು ಮಕ್ಕಳನ್ನ ನೋಡಿದಾಗ್ಲೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಸಿಕ್ಕಿಲ್ಲ. ವಂಶದಲ್ಲಿ ಹರಿಯೋ ಕ್ಯಾನ್ಸರ್‌ಗಳ ಕಥೆ ಬೇರೆ. ಮಕ್ಕಳ ಕಣ್ಣಲ್ಲಿ ಬರೋ ರೆಟಿನೋಬ್ಲಾಸ್ಟೋಮಾ, ಬಿಆರ್‌ಸಿಎ ಜೀನಿನ ಸ್ತನ ಕ್ಯಾನ್ಸರ್ ಅಂಥವಿದ್ರೆ ಜೆನೆಟಿಕ್ ಕೌನ್ಸೆಲಿಂಗ್ ಬೇಕೇ ಬೇಕು, ಅಲ್ಲೂ ಕಾರಣ ಜೀನು, ಕೀಮೋ ಅಲ್ಲ.

ಟೆಸ್ಟ್ ವಿಷಯಕ್ಕೆ ಬಂದ್ರೆ, ಎಲ್ಲ ಗರ್ಭಿಣಿಯರಿಗೆ ಹೇಳೋದನ್ನೇ ನಿಮಗೂ ಹೇಳ್ತೀನಿ. 11 ವಾರದಿಂದ 13 ವಾರ 6 ದಿನದೊಳಗೆ ಎನ್‌ಟಿ ಸ್ಕ್ಯಾನ್ (ಮಗೂನ ಕತ್ತಿನ ಹಿಂದಿನ ನೀರಿನ ದಪ್ಪ ಅಳೆಯೋದು), ಜೊತೆಗೆ ಡಬಲ್ ಮಾರ್ಕರ್ ರಕ್ತ ಪರೀಕ್ಷೆ (ಎರಡೂ ಸೇರಿ ಡೌನ್ ಸಿಂಡ್ರೋಮ್ ಅಂಥ ತೊಂದ್ರೆಯ ರಿಸ್ಕ್ ಎಷ್ಟು ಅಂತ ಹೇಳೋ ಸ್ಕ್ರೀನಿಂಗ್), ಅಂದ್ರೆ ಮುಂದಿನ ವಾರವೇ ಅಪಾಯಿಂಟ್‌ಮೆಂಟ್ ತಗೊಳ್ಳಿ, ಈ ಟೈಮ್ ಹೋದ್ರೆ ಮತ್ತೆ ಸಿಗಲ್ಲ. ಆಮೇಲೆ 18ರಿಂದ 20 ವಾರಕ್ಕೆ ಅನಾಮಲಿ ಸ್ಕ್ಯಾನ್, ಮಗುವಿನ ಹಾರ್ಟು, ಬೆನ್ನುಹುರಿ, ಕಿಡ್ನಿ ಎಲ್ಲ ಒಂದೊಂದಾಗಿ ನೋಡೋದು ಅಲ್ಲೇ, ಅದನ್ನ ಚೆನ್ನಾಗಿ ಮಾಡೋರ ಹತ್ರಾನೇ ಮಾಡ್ಸಿ.

ಎನ್‌ಐಪಿಟಿ ಒಳ್ಳೇ ಟೆಸ್ಟೇ, ಆದ್ರೆ ಅದು ಮುಖ್ಯವಾಗಿ ಹುಡುಕೋದು ಡೌನ್ ಸಿಂಡ್ರೋಮ್, ಜೊತೆಗೆ 18, 13ನೇ ಕ್ರೋಮೋಸೋಮಿನ ತೊಂದ್ರೆ. ಹಾರ್ಟಲ್ಲಿ ತೂತಿದ್ರೆ ಅದಕ್ಕೆ ಗೊತ್ತಾಗಲ್ಲ, ಹಾಗಾಗಿ ಇದನ್ನ ಮಾಡ್ಸಿದೆ ಅಂತ ಅನಾಮಲಿ ಸ್ಕ್ಯಾನ್ ಬಿಡೋ ಹಾಗಿಲ್ಲ. ಇನ್ನೊಂದು ವಿಷಯ, ಅದರಲ್ಲಿ ನೋಡೋದು ತಾಯಿ ರಕ್ತದಲ್ಲಿ ತೇಲೋ ಡಿಎನ್‌ಎ, ಅದರಲ್ಲಿ ಮಗೂದಕ್ಕಿಂತ ತಾಯೀದೇ ಜಾಸ್ತಿ. ಬೇರೆಯವರ ಬೋನ್ ಮ್ಯಾರೋ ಹಾಕಿಸ್ಕೊಂಡೋರಲ್ಲಿ ಆ ದಾನಿಯ ಡಿಎನ್‌ಎನೂ ಸೇರ್ಕೊಂಡು ರಿಪೋರ್ಟ್ ಎಡವಟ್ಟಾಗುತ್ತೆ, ಕ್ಯಾನ್ಸರ್ ಮೈಯಲ್ಲಿ ಇನ್ನೂ ಇದ್ರೆ ಗಡ್ಡೆಯ ಡಿಎನ್‌ಎ ಕೂಡ ಕಾಣ್ಬಹುದು. ನಿಮಗೆ ಟ್ರಾನ್ಸ್‌ಪ್ಲಾಂಟ್ ಆಗಿಲ್ಲ, ಬೇಕಾದ್ರೆ ಮಾಡ್ಸಬಹುದು, ಲ್ಯಾಬಿನ ಫಾರಮ್ಮಲ್ಲಿ ಹಳೇ ಕಾಯಿಲೆ ಬರೆಯೋದು ಮರೀಬೇಡಿ. ಅಕಸ್ಮಾತ್ ಒಂದಕ್ಕಿಂತ ಹೆಚ್ಚು ಕ್ರೋಮೋಸೋಮಲ್ಲಿ ಏರುಪೇರು ಅಂತ ಬಂದ್ರೆ ಮಗು ಬಗ್ಗೆ ಗಾಬರಿ ಬೀಳೋ ಮುಂಚೆ ನಿಮ್ಮ ಆಂಕಾಲಜಿಸ್ಟ್‌ಗೆ ತೋರ್ಸಿ.

ಯಜಮಾನ್ರು ಹೇಳೋ ಸೂಜಿ ಟೆಸ್ಟ್, ಅಮ್ನಿಯೋಸೆಂಟೆಸಿಸ್, 15 ವಾರ ಆದ್ಮೇಲೆ ಮಾಡೋದು, ಅದರಿಂದ ಗರ್ಭ ಹೋಗೋ ರಿಸ್ಕ್ ಸಣ್ಣದೇ ಆದ್ರೂ ಇದೆ, ಸ್ಕ್ರೀನಿಂಗಲ್ಲಿ ಹೈ ರಿಸ್ಕ್ ಬಂದ್ರೆ ಮಾತ್ರ ಆ ಯೋಚನೆ.

ನಿಮ್ಮ ಕಾಗದ ನೋಡಿ ನಂಗೆ ಚಿಂತೆ ಆಗಿದ್ದು ಮಗು ಬಗ್ಗೆ ಅಲ್ಲ, ನಿಮ್ಮ ಬಗ್ಗೆ! ಎಬಿವಿಡಿಯ ಮೊದಲ ಔಷಧಿ ಇದ್ಯಲ್ಲ, ಆ ಕೆಂಪು ಇಂಜೆಕ್ಷನ್, ಡಾಕ್ಸೋರುಬಿಸಿನ್, ಅದು ಹಾರ್ಟಿನ ಮಾಂಸಖಂಡಕ್ಕೆ ಪೆಟ್ಟು ಕೊಡುತ್ತೆ. ಸೈಕಲ್ಲಿಗೆ ಚದರ ಮೀಟರಿಗೆ 50 ಮಿಲಿಗ್ರಾಂ, ಆರು ಸೈಕಲ್ ಪೂರ್ತಿ ಅಂದ್ರೆ 300, ಒಟ್ಟು 250 ದಾಟಿದ್ರೇ ಹುಷಾರಾಗಿರಬೇಕಾದ ಗುಂಪು, ಮೇಲಿಂದ ಎದೆಗೆ ರೇಡಿಯೇಷನ್ ಬೇರೆ. ಬಸಿರಲ್ಲಿ ರಕ್ತದ ಪ್ರಮಾಣ ಸುಮಾರು 40ರಿಂದ 50 ಪರ್ಸೆಂಟ್ ಜಾಸ್ತಿ ಆಗೋದ್ರಿಂದ ಇಲ್ಲೀವರೆಗೆ ಸುಮ್ನಿದ್ದ ವೀಕ್ ಹಾರ್ಟು ಆರೇಳನೇ ತಿಂಗಳಲ್ಲಿ ಏದುಸಿರು ಬಿಡೋಕೆ ಶುರು ಮಾಡಬಹುದು. ಅದಕ್ಕೇ ಈಗಲೇ ಒಂದು ಎಕೋ (ನಿಮ್ಮ ಹಾರ್ಟಿನ ಸ್ಕ್ಯಾನ್) ಮಾಡ್ಸಿ. ಕುತ್ತಿಗೆಗೆ ರೇಡಿಯೇಷನ್ ಆದೋರಿಗೆ ಥೈರಾಯ್ಡ್ ಕಮ್ಮಿ ಆಗೋದು ತುಂಬಾ ಕಾಮನ್, ಮೊದಲ ಮೂರು ತಿಂಗಳು ಮಗು ನಿಮ್ಮ ಥೈರಾಯ್ಡ್ ಹಾರ್ಮೋನನ್ನೇ ನಂಬ್ಕೊಂಡಿರುತ್ತೆ, ಟಿಎಸ್‌ಎಚ್ (ಥೈರಾಯ್ಡಿನ ರಕ್ತ ಪರೀಕ್ಷೆ) ಇದೇ ವಾರ ಆಗ್ಲಿ. ಫೋಲಿಕ್ ಆಸಿಡ್ ತಗೊಳ್ತಿಲ್ಲ ಅಂದ್ರೆ ಇವತ್ತೇ ಶುರು ಮಾಡಿ.

ಇದನ್ನ ಓದ್ತಿರೋ ಬೇರೆಯವ್ರಿಗೆ: ಹೊಟ್ಟೆ, ಸೊಂಟದ ಭಾಗಕ್ಕೆ ರೇಡಿಯೇಷನ್ ಆಗಿದ್ರೆ ಗರ್ಭಕೋಶ ಸರಿಯಾಗಿ ಹಿಗ್ಗದೆ ದಿನ ತುಂಬೋ ಮುಂಚೆ ಹೆರಿಗೆ, ಕಮ್ಮಿ ತೂಕ ಆಗಬಹುದು. ಟ್ಯಾಮಾಕ್ಸಿಫೆನ್, ಇಮಾಟಿನಿಬ್ ಅಂಥ ಕ್ಯಾನ್ಸರ್ ಮಾತ್ರೆ ತಗೊಳ್ತಿರೋರು ಡಾಕ್ಟರ್‌ನ ಕೇಳದೆ ಬಸಿರಾಗೋದೂ ಬೇಡ, ಮಾತ್ರೆ ತಾವೇ ನಿಲ್ಸೋದೂ ಬೇಡ.

ಹಳೇ ಡಿಸ್ಚಾರ್ಜ್ ಸಮರಿ ಜೆರಾಕ್ಸ್ ಮಾಡ್ಸಿ ತಾಯಿ ಕಾರ್ಡ್ ಒಳಗೇ ಇಟ್ಕೊಳ್ಳಿ. ಸಿಸೇರಿಯನ್ ಆಗೋ ಹಾಗಿದ್ರೆ ಅನಸ್ತೇಷಿಯಾ ಡಾಕ್ಟ್ರಿಗೆ ಬ್ಲಿಯೋಮೈಸಿನ್ (ಎಬಿವಿಡಿಯ ಇನ್ನೊಂದು ಔಷಧಿ) ತಗೊಂಡಿದೀನಿ ಅಂತ ನೀವೇ ಬಾಯಿಬಿಟ್ಟು ಹೇಳಬೇಕು, ಆಕ್ಸಿಜನ್ ಎಷ್ಟು ಕೊಡಬೇಕು ಅನ್ನೋ ಲೆಕ್ಕ ಅದರ ಮೇಲಿದೆ. ಎಕೋದಲ್ಲಿ ಹಾರ್ಟು ಸ್ವಲ್ಪ ವೀಕ್ ಅಂತ ಬಂದ್ರೂ ಊರಿನ ಸಣ್ಣ ನರ್ಸಿಂಗ್ ಹೋಮ್ ಬೇಡ, ಕಾರ್ಡಿಯಾಲಜಿಸ್ಟ್ ಇರೋ ದೊಡ್ಡಾಸ್ಪತ್ರೇಲಿ ಈಗ್ಲೇ ಹೆಸರು ಬರೆಸಿ.