ಚುಕ್ಕೆ ಮಾಯ ಆಯ್ತು ಅಂತ ನಂಬಬೇಡಿ, ಮೈಲುತುತ್ತ ಹಾಕಲೂಬೇಡಿ

ತೀರ್ಥಹಳ್ಳಿ ಅಣ್ಣಾ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಬೆಂಗಳೂರಿಂದ ರಾತ್ರಿ ಬಸ್ಸಿಗೆ ಹಾಕಿಸಿ ತರಿಸಿದ ಸಮುದ್ರದ ಮೀನು, ಎರಡು ಕ್ಲೌನ್, ಒಂದು ಟ್ಯಾಂಗ್. ಬಂದ ದಿನವೇ ಕೋರಲ್ (ಹವಳ) ಇರೋ ದೊಡ್ಡ ಟ್ಯಾಂಕಿಗೆ ಬಿಟ್ಟಿದ್ದೀರಿ. ಆರನೇ ದಿನ ಟ್ಯಾಂಗ್ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ, ಎಂಟನೇ ದಿನ ನೋಡಿದ್ರೆ ಒಂದೂ ಇಲ್ಲ. ತಾನಾಗೇ ವಾಸಿ ಆಯ್ತಾ, ಇಲ್ಲಾ ಅಡಿಕೆಗೆ ಹೊಡೆದು ಮಿಕ್ಕ ಮೈಲುತುತ್ತ ಸ್ವಲ್ಪ ಹಾಕ್ಲಾ ಅಂತ ಕೇಳಿದ್ದೀರಿ.

ವಾಸಿ ಆಗಿಲ್ಲ, ಹಾಕಲೂಬೇಡಿ. ಮೈಲುತುತ್ತದ ಮಾತು ಮೊದಲು ಹೇಳ್ತೀನಿ, ಇವತ್ತು ರಾತ್ರಿಯೇ ಸುರಿದುಬಿಟ್ಟೀರಿ ಅಂತ ಭಯ. ನಿಮ್ಮ ಯೋಚನೆ ಪೂರ್ತಿ ತಪ್ಪಲ್ಲ. ಸಮುದ್ರದ ಮೀನಿನ ಬಿಳಿ ಚುಕ್ಕೆಗೆ ತಾಮ್ರವೇ ಹಳೇ ಮದ್ದು. ಆದ್ರೆ ಬೇಕಾಗೋದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ. 60 ಲೀಟರ್ ನೀರಿಗೆ ಹೆಚ್ಚೆಂದ್ರೆ 12 ಮಿಲಿಗ್ರಾಂ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ, ಹಾಗಾಗಿ ಸುಮಾರು 47 ಮಿಲಿಗ್ರಾಂ ಪುಡಿ. ಒಂದು ಚಿಟಿಕೆಗಿಂತ ಎಷ್ಟೋ ಕಮ್ಮಿ. ಕೊಳೆರೋಗಕ್ಕೆ ನೂರು ಲೀಟರಿಗೆ ಒಂದು ಕೆಜಿ ಕದಡೋ ಕೈಗೆ ಈ ಲೆಕ್ಕ ಹಿಡಿಯಲ್ಲ ಮಾರಾಯ್ರೆ. ಮೇಲಾಗಿ ತೋಟದ ಮಾಲಿನಲ್ಲಿ ಕಲಬೆರಕೆ ಏನಿದೆಯೋ ಗೊತ್ತಾಗಲ್ಲ. ದೊಡ್ಡ ಟ್ಯಾಂಕಿಗೆ ಹಾಕಿದ್ರಂತೂ ಕೋರಲ್, ಸೀಗಡಿ, ಬಸವನಹುಳು ಎಲ್ಲ ಮುಗೀತು. ಕಲ್ಲು, ಮರಳು ತಾಮ್ರ ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡ್ತಾ ಇರುತ್ತೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸಿದ ಬಕೆಟ್ಟನ್ನೂ ಈ ಟ್ಯಾಂಕಿನ ಹತ್ರ ತರಬೇಡಿ.

ಇನ್ನು ಚುಕ್ಕೆ ಎಲ್ಲಿಗೆ ಹೋಯ್ತು? ಅದು ಕ್ರಿಪ್ಟೋಕಾರಿಯಾನ್, ನಾವೆಲ್ಲ ಇಕ್ ಅಂತೀವಲ್ಲ ಅದು. ಹುಳ ಮೀನಿನ ಚರ್ಮದ ಒಳಗೆ ಮೂರರಿಂದ ಏಳು ದಿನ ಕೂತು ತಿಂದು ದಪ್ಪ ಆಗುತ್ತೆ, ಆಮೇಲೆ ತಾನೇ ಕಳಚಿ ಕೆಳಗೆ ಬಿದ್ದು ಮರಳಲ್ಲೋ ಕಲ್ಲಲ್ಲೋ ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತೆ. ಆ ಚಿಪ್ಪಿನೊಳಗೆ ಒಂದು ಇನ್ನೂರರವರೆಗೂ ಆಗಿ ಹೊರಗೆ ಬರುತ್ತೆ. ಹೊರಬಂದವಕ್ಕೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲಾಂದ್ರೆ ಸಾಯ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಿಗದೇ ಇರುತ್ತಾ? ನಿಮ್ಮ ಟ್ಯಾಂಗ್ ಈಗ ಚಂದ ಕಾಣ್ತಿದೆ, ಕೆಳಗೆ ಮರಳಲ್ಲಿ ಮುಂದಿನ ಸುತ್ತು ತಯಾರಾಗ್ತಿದೆ. ಎರಡನೇ ಸಲ ಕಿವಿರಿಗೂ ಬರಬಹುದು.

ಇಕ್ ಅಂತಲೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ಎಂಟು ದಿನ ಆದ್ರೂ ಮೂರೂ ಮೀನು ತಿಂತಾ ಇವೆ. ವೆಲ್ವೆಟ್ ಅನ್ನೋ ಇನ್ನೊಂದು ರೋಗ ಆಗಿದ್ರೆ ಇಷ್ಟು ದಿನ ಬಿಡ್ತಿರಲಿಲ್ಲ. ಅದರಲ್ಲಿ ಚುಕ್ಕೆ ಎಣಿಸೋಕೆ ಆಗಲ್ಲ, ಅರಿಶಿನದ ಪುಡಿ ಧೂಳಿನ ಹಾಗೆ ಮೈತುಂಬ ಇರುತ್ತೆ, ಮೀನು ಏದುಸಿರು ಬಿಡುತ್ತಾ ಪಂಪಿನ ನೀರಿಗೆ ಮುಖ ಕೊಟ್ಟು ನಿಲ್ಲುತ್ತೆ. ನಾನು ಈ ಹವ್ಯಾಸ ಶುರು ಮಾಡಿದ ವರ್ಷ ಒಂದು ಏಂಜೆಲ್ ಮೀನು ತಂದು ನೇರ ಬಿಟ್ಟಿದ್ದೆ. ಐದನೇ ದಿನಕ್ಕೆ ಟ್ಯಾಂಕಲ್ಲಿ ಮೀನೇ ಇರಲಿಲ್ಲ. ಅಂಗಡಿಯವನು 'ನಿಮ್ಮ ನೀರು ಸರಿಯಿಲ್ಲ' ಅಂದ, ನಾನೂ ನಂಬಿದ್ದೆ.

ಈಗ ಕೆಲಸ. ಮೂರೂ ಮೀನು ಹೊರಗೆ ಬರಬೇಕು, ಚುಕ್ಕೆ ಇಲ್ಲದ ಕ್ಲೌನ್ ಕೂಡ. ರಾತ್ರಿ ಲೈಟ್ ಆರಿಸಿ ಒಂದೆರಡು ಗಂಟೆ ಬಿಟ್ಟು ಟಾರ್ಚ್ ಹಿಡಿದು ಹೋದ್ರೆ ಹಿಡಿಯೋದು ಸುಲಭ. ಆದ್ರೂ ಟ್ಯಾಂಗಿಗೋಸ್ಕರ ಕಲ್ಲು ತೆಗೀಲೇಬೇಕಾಗಬಹುದು, ಬೈಕೊಳ್ಳಬೇಡಿ.

ಮದ್ದು ಸಿಗೋದು ಕಷ್ಟ ಇರೋ ನಮ್ಮ ಕಡೆಗೆ ನಾನು ಹೇಳೋದು ಟ್ಯಾಂಕ್ ಬದಲಾಯಿಸೋ ವಿಧಾನ. 40 ಲೀಟರಿನ ಎರಡು ಖಾಲಿ ಟ್ಯಾಂಕ್, ಅಥವಾ ಅಡುಗೆಗೆ ಬಳಸೋಂಥ ಒಳ್ಳೆ ಪ್ಲಾಸ್ಟಿಕ್ಕಿನ ಡಬ್ಬ. ಮರಳು, ಕಲ್ಲು ಏನೂ ಬೇಡ. ತೋಟದಲ್ಲಿ ಮಿಕ್ಕ ಪಿವಿಸಿ ಪೈಪಿನ ತುಂಡು ತೊಳೆದು ಹಾಕಿ, ಅಡಗೋಕೆ ಅಷ್ಟು ಸಾಕು. ಒಂದನೇ ದಿನ ಮೊದಲ ಡಬ್ಬ, ನಾಲ್ಕನೇ ದಿನ ಬೆಳಿಗ್ಗೆ ಎರಡನೇದು, ಏಳನೇ ದಿನ ಮತ್ತೆ ಮೊದಲನೇದು, ಹತ್ತನೇ ದಿನ ಎರಡನೇದು, ಹದಿಮೂರಕ್ಕೆ ಹೊರಗೆ ತೆಗೆದು ಇನ್ನೊಂದು ಶುದ್ಧ ಟ್ಯಾಂಕಿಗೆ, ದೊಡ್ಡ ಟ್ಯಾಂಕಿಗೆ ಅಲ್ಲ. ಚಿಪ್ಪು ಒಡೆಯೋಕೆ ಕನಿಷ್ಠ ಮೂರು ದಿನ ಬೇಕು, ಅಷ್ಟರೊಳಗೆ ಮೀನು ಜಾಗ ಬಿಟ್ಟಿರುತ್ತೆ. ಅದಕ್ಕೇ 72 ಗಂಟೆ ದಾಟಬಾರದು, 'ನಾಳೆ ಮಾಡಿದ್ರಾಯ್ತು' ಅಂದ್ರೆ ಕೆಟ್ಟಿತು. ಪ್ರತಿ ಸಲವೂ ಹೊಸ ನೀರು, ಆರ್‌ಓ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಅಕ್ವೇರಿಯಂ ಉಪ್ಪು (ಅಡುಗೆ ಉಪ್ಪಲ್ಲ), ಉಷ್ಣತೆ ಒಂದೇ ಇರಲಿ. ನಾಲ್ಕು ಸಲಕ್ಕೆ 160 ಲೀಟರ್, ಅಂದ್ರೆ ಆರು ಕೆಜಿ ಹತ್ರ ಉಪ್ಪು. ಹಳೇ ಡಬ್ಬ, ಹೀಟರ್, ಏರ್ ಸ್ಟೋನ್, ಪೈಪ್ ತುಂಡು ಎಲ್ಲ ಬ್ಲೀಚಿಂಗ್ ನೀರಲ್ಲಿ ತೊಳೆದು, ವಾಸನೆ ಹೋಗೋವರೆಗೂ ಜಾಲಾಡಿಸಿ, ಪೂರ್ತಿ ಒಣಗಿಸಬೇಕು. ಈ ಆಷಾಢದಲ್ಲಿ ಚಡ್ಡಿಯೇ ಒಣಗಲ್ಲ, ಡಬ್ಬ ಎಲ್ಲಿ ಒಣಗುತ್ತೆ ಅಂತೀರಿ, ಗೊತ್ತು. ಅಡುಗೆ ಮನೆ ಅಟ್ಟದ ಮೇಲಿಡಿ, ಇಲ್ಲಾ ಫ್ಯಾನ್ ಹಾಕಿ. ಬಲೆಯನ್ನು ಮಾತ್ರ ಪ್ರತಿ ಸಲ ಹೊಸದೇ ತಗೊಳ್ಳಿ, ಅದರ ನೂಲಿನ ತೇವ ಬಿಡೋದೇ ಇಲ್ಲ.

ಇದು ಇಕ್‌ಗೆ ಮಾತ್ರ. ಉಸಿರಾಟ ಜೋರಾದ್ರೆ ಕಾಯಬೇಡಿ, ಅಕ್ವೇರಿಯಂ ತಾಮ್ರದ ಮದ್ದು ತರಿಸಿ, ಅದಕ್ಕೇ ಹೊಂದೋ ಟೆಸ್ಟ್ ಕಿಟ್ ಜೊತೆಗೆ. ಬಾಟಲಿಯಿಂದ ಬಾಟಲಿಗೆ ಪ್ರಮಾಣ ಬೇರೆ. ಕೆಲವದರಲ್ಲಿ 2ರಿಂದ 2.5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇರಬೇಕು, ಆ ಅಂಕಿ ಇನ್ನೊಂದಕ್ಕೆ ಹಾಕಿದ್ರೆ ಮೀನು ಸಾಯುತ್ತೆ. ತಾಮ್ರ ಇರೋ ನೀರಿಗೆ ಅಮೋನಿಯಾ ತೆಗೆಯೋ ದ್ರಾವಣ ಸೇರಿಸಬೇಡಿ. ಕ್ಲೌನ್ ಮೈಮೇಲೆ ಲೋಳೆ ಪದರ ಎದ್ದು ಚರ್ಮ ಸುಲಿದ ಹಾಗೆ ಕಂಡ್ರೆ ಅದು ಬ್ರೂಕ್ಲಿನೆಲ್ಲಾ ಅನ್ನೋ ಬೇರೆ ಪರೋಪಜೀವಿ, ಅದಕ್ಕೆ ತಾಮ್ರ ಕೆಲಸ ಮಾಡಲ್ಲ, ಫಾರ್ಮಾಲಿನ್ ಸ್ನಾನ ಬೇಕು. ಫಾರ್ಮಾಲಿನ್ ಉಸಿರಿಗೆ ವಿಷ, ಗೊತ್ತಿದ್ದವರು ಪಕ್ಕದಲ್ಲಿಲ್ಲದೆ ಮುಟ್ಟಬೇಡಿ.

ದೊಡ್ಡ ಟ್ಯಾಂಕ್ 76 ದಿನ ಮೀನಿಲ್ಲದೆ ಇರಲಿ. ಜಾಸ್ತಿ ಅನ್ಸುತ್ತೆ, ಆದ್ರೆ ಚಿಪ್ಪು 72 ದಿನದವರೆಗೂ ತಡೆದು ಒಡೆದದ್ದಿದೆ. ಹೀಟರ್ ತೆಗೀಬೇಡಿ, ತಂಪಲ್ಲಿ ಅದು ಇನ್ನೂ ನಿಧಾನ. ಕೋರಲ್, ಸೀಗಡಿಗೆ ಇದರಿಂದ ತೊಂದರೆ ಇಲ್ಲ, ಅವಕ್ಕೆ ಊಟ ಹಾಕ್ತಾ ಇರಿ.

ನಿಮ್ಮ ಕಡೆ ಮಳೆಗೆ ಕರೆಂಟ್ ಹೋದ್ರೆ ಬರೋದು ಯಾವಾಗಲೋ. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ, ಡಬ್ಬದ ಸುತ್ತ ಮೀನು ಬಂದ ಥರ್ಮೋಕೋಲ್ ಪೆಟ್ಟಿಗೆ ಕತ್ತರಿಸಿ ಕಟ್ಟಿ.

ಇವತ್ತು ರಾತ್ರಿ ಟ್ಯಾಂಗಿನ ಫೋಟೋ ಹಾಕಿ, ಟಾರ್ಚ್ ಮೇಲಿಂದ ಅಲ್ಲ, ಪಕ್ಕದಿಂದ ಬಿಡಿ, ಆಗ ಧೂಳು ಇದ್ರೆ ಕಾಣುತ್ತೆ. ಒಂದು ನಿಮಿಷಕ್ಕೆ ಎಷ್ಟು ಸಲ ಕಿವಿರು ಆಡಿಸುತ್ತೆ ಅಂತಲೂ ಎಣಿಸಿ ಬರೀರಿ. ನನ್ನ ಹತ್ರ ಎರಡಡಿ ಟ್ಯಾಂಕ್ ಒಂದು ಖಾಲಿ ಬಿದ್ದಿದೆ, ಶಿವಮೊಗ್ಗಕ್ಕೆ ಬಂದಾಗ ತಗೊಂಡು ಹೋಗಿ.